ಎಡಗೆನ್ನೆಯ ನಾಲ್ಕನೇ ಚುಕ್ಕೆ

ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೇಳುತ್ತದೆ, ಸ್ವಾಮಿ. ಅದು ಹೇಳಿದ್ದಕ್ಕೆ ಹೌದು ಎಂದು ತಲೆಯಾಡಿಸುವ ಒಬ್ಬ ಮನುಷ್ಯ ಪಕ್ಕದಲ್ಲಿದ್ದರೆ ಸಾಕು. ನಮ್ಮ ಬಯಲಿನಲ್ಲಿ ಹಾಗೆ ತಲೆಯಾಡಿಸಿದವಳು ನಾನು, ಸೆಮೆಯಾನ್.

ಕಿಲಿಮಂಜಾರೋ ಬೆಟ್ಟದ ಈಚೆ ಮಗ್ಗುಲಲ್ಲಿ ಸಿಂಹಗಳ ಗುರುತು ಇಡುವ ಶಿಬಿರವೊಂದಿದೆ. ಅಲ್ಲಿ ನಾನು ಏಳು ವರ್ಷದಿಂದ ಕೆಲಸಕ್ಕಿದ್ದೇನೆ. ಸಿಂಹದ ಗುರುತು ಇರುವುದು ಅದರ ಮೀಸೆಯ ಬುಡದಲ್ಲಿ. ಅಲ್ಲಿ ಕಪ್ಪು ಚುಕ್ಕೆಗಳ ಸಾಲುಗಳಿರುತ್ತವೆ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಎರಡೋ ಮೂರೋ ನಾಲ್ಕೋ ಚುಕ್ಕೆ ಬಿಡಿಬಿಡಿಯಾಗಿ ಕೂತಿರುತ್ತವೆ. ಅವು ಎಷ್ಟು, ಎಲ್ಲೆಲ್ಲಿ ಎನ್ನುವುದು ಒಂದೊಂದು ಸಿಂಹಕ್ಕೂ ಬೇರೆ. ಕಿವಿ ಹರಿಯಬಹುದು, ಮೈ ಬಡವಾಗಬಹುದು, ಚುಕ್ಕೆ ಮಾತ್ರ ಹುಟ್ಟಿನಿಂದ ಸಾಯುವತನಕ ಇದ್ದಲ್ಲೇ ಇರುತ್ತದೆ. ಕಡಲೆಕಾಳಿನ ಅರ್ಧದಷ್ಟಿರುವ ಆ ಚುಕ್ಕೆ ಎಣಿಸಬೇಕಾದರೆ ನಲವತ್ತು ಹೆಜ್ಜೆ ಹತ್ತಿರಕ್ಕೆ ನಡೆದುಕೊಂಡೇ ಹೋಗಬೇಕಿತ್ತು. ಹಾಗೆ ಹೋಗುತ್ತಿದ್ದವರು ಪ್ರಾಯದಲ್ಲಿ ಭರ್ಜಿ ಹಿಡಿದು ತಿರುಗಿದ್ದ ಗಂಡಸರು. ಹೆಂಗಸರಾದ ನಾವು ಶಿಬಿರದಲ್ಲಿ ಕೂತು ಅವರು ತಂದ ಚಿತ್ರಗಳನ್ನು ಕಡತಕ್ಕೆ ಅಂಟಿಸಿ, ಅವರಿಗೆ ಚಹಾ ಕಾಸಿಕೊಡುತ್ತಿದ್ದೆವು.

ಆ ಗಂಡಸರಲ್ಲಿ ಹಿರಿಯನೆಂದರೆ ಪರ್ಮುವಾತ್. ಅರವತ್ತು ದಾಟಿದವನು, ಸಾಲೆಯ ಮೆಟ್ಟಿಲು ಹತ್ತಿದವನಲ್ಲ. ನನ್ನ ಅಪ್ಪನ ಓರಗೆಯವನು. ಅಪ್ಪನ ಓರಗೆಯವರೆಲ್ಲ ನಮಗೆ ಅಪ್ಪಂದಿರೇ. ಬೇರೆಯವರು 'ಹೆಣ್ಣಿಗ್ಯಾಕೆ ಹೆಜ್ಜೆ ಗುರುತು' ಎಂದು ಹಲ್ಲು ಕಿರಿಯುತ್ತಿದ್ದಾಗ ನನ್ನನ್ನು ಹಳ್ಳದ ಮರಳಿಗೆ ಕರೆದೊಯ್ದು, ಕಡ್ಡಿಯಿಂದ ತೋರಿಸಿ, ಹೆಣ್ಣುಸಿಂಹದ ಹೆಜ್ಜೆ ಯಾವುದು, ಅದು ನಿನ್ನೆಯದೋ ಇವತ್ತಿನದೋ ಎಂದು ಕಲಿಸಿದವನು ಅವನು. ತಪ್ಪು ಹೇಳಿದರೆ ಬೈಯುತ್ತಿರಲಿಲ್ಲ. "ಮತ್ತೆ ನೋಡು ಮಗ್ಳೇ, ಅದು ಎಲ್ಲೂ ಓಡೋಗಲ್ಲ" ಎನ್ನುತ್ತಿದ್ದ.

ಸಿಂಹಕ್ಕೆ ಯಾರು ಹೆಸರಿಡುತ್ತಾರೋ ಅವರೇ ಅದಕ್ಕೆ ಹೊಣೆ ಎನ್ನುವುದು ನಮ್ಮ ಶಿಬಿರದ ಕಟ್ಟಳೆ. ಅದು ಎಲ್ಲಿದೆ ಎಂದು ದನ ಕಾಯುವವರಿಗೆ ಹೇಳಬೇಕು, ಅದು ದನ ತಿಂದರೆ ಹಟ್ಟಿಯವರ ಬೈಗುಳ ನಿಂತು ಕೇಳಬೇಕು. ಪರ್ಮುವಾತ್ ಹೆಸರಿಟ್ಟಿದ್ದು ನಲೆಪೋ ಎಂಬ ಹೆಣ್ಣುಸಿಂಹಕ್ಕೆ. ಒಂಬತ್ತು ವರ್ಷದಲ್ಲಿ ನಲೆಪೋ ಒಂದು ಕರುವನ್ನೂ ಮುಟ್ಟಿರಲಿಲ್ಲ. "ನನ್ನ ಮಗಳು ಗಂಡನ ಮನೇಲಿ ಹೆಸರು ಕೆಡಿಸ್ಕೊಂಡಿಲ್ಲ ಕಣ್ರಪ್ಪ" ಎಂದು ಅವನು ಮೀಸೆ ತಿರುವುತ್ತಿದ್ದ. ಇನ್ನೊಂದು ಹೆಣ್ಣುಸಿಂಹ ನೊಮಾಯಾನ್. ಆ ಹೆಸರಿಗೆ ಹರಸಿದವಳು ಎಂದು ಅರ್ಥ. ಎರಡು ಸಲ ಹಟ್ಟಿಯ ಮುಳ್ಳುಬೇಲಿ ಹಾರಿ ಅವಳು ಹರಸಿದ್ದು ಸಾಕಾಗಿತ್ತು. ಮೂರನೇ ಸಲ ಹಾರಿದರೆ ಸರ್ಕಾರದ ಕಾವಲಿನವರು ಬಂದು ಗುಂಡು ಹೊಡೆಯುತ್ತಾರೆ, ಅದು ಬಯಲಿನವರೂ ಸರ್ಕಾರದವರೂ ಕೂತು ಮಾಡಿಕೊಂಡ ಒಪ್ಪಂದ. ಎರಡು ಸಿಂಹಕ್ಕೂ ಬಲಗೆನ್ನೆಯಲ್ಲಿ ಎರಡೆರಡೇ ಚುಕ್ಕೆ. ಎಡಗೆನ್ನೆಯಲ್ಲಿ ನೊಮಾಯಾನ್‌ಗೆ ಮೂರು, ನಲೆಪೋಗೆ ನಾಲ್ಕು. ಆ ನಾಲ್ಕನೆಯದು ಉಳಿದವಕ್ಕಿಂತ ಸಣ್ಣದು.

ಹೀಗಿರುವಾಗ ಶಿಬಿರದ ಮೇಲಧಿಕಾರಿ ಕಿಲೊಂಜೋ ಸಾರ್ ನೈರೋಬಿಯಿಂದ ಒಂದು ಕ್ಯಾಮೆರಾ ತಂದರು. ಲೆನ್ಸ್ ಬಿಚ್ಚುವ ಹಾಗಿಲ್ಲ, ಅದರ ಮೈಗೇ ಕೂಡಿಕೊಂಡಿದೆ. ಗುಂಡಿ ಒತ್ತಿದರೆ ಆಮೆಯ ಕತ್ತಿನ ಹಾಗೆ ಮುಂದೆ ಮುಂದೆ ಬಂದು, ದೂರದ ಮರದ ಮೇಲೆ ಕೂತ ಹದ್ದಿನ ಕಣ್ಣನ್ನು ತಂದು ಎದುರಿಗಿಡುತ್ತದೆ.

"ಇನ್ಮೇಲೆ ಹತ್ರ ಹೋಗೋ ರಗಳೇನೇ ಇಲ್ಲ" ಎಂದರು ಕಿಲೊಂಜೋ ಸಾರ್. "ಇನ್ನೂರು ಹೆಜ್ಜೆಯಿಂದ್ಲೇ ಚುಕ್ಕೆ ಎಣಿಸ್ಬೋದು. ಹೆಂಗಸರೂ ಮಾಡ್ಬೋದು. ನೀನು ಎರಡು ವಾರ ಇಟ್ಕೊಂಡು ಪರೀಕ್ಷೆ ಮಾಡು ಸೆಮೆಯಾನ್. ಚೆನ್ನಾಗಿದ್ರೆ ಇಂಥವೇ ಇನ್ನೂ ಆರು ಬರ್ತವೆ, ಆರು ಹೆಣ್ಮಕ್ಕಳನ್ನ ಕೆಲಸಕ್ಕೆ ತಗೋತೀವಿ."

ಆರು ಹೆಣ್ಣುಮಕ್ಕಳು! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಚಿಕ್ಕಮ್ಮನ ಮಗಳು ಎನೋಲೆ ಗಂಡನ ಹೊಡೆತ ತಾಳದೆ ತವರಿಗೆ ಬಂದು ಕೂತಿದ್ದಳು. ಅಂಥವರು ಇನ್ನೆಷ್ಟೋ ಜನ. ಚಹಾ ಕಾಸುವ ಕೈಗಳಿಗೆ ಸಿಂಹದ ಗುರುತು ಹಿಡಿಯುವ ಕೆಲಸ ಸಿಕ್ಕರೆ ಬಯಲಿನ ಗಂಡಸರ ಬಾಯಿಗೆ ಬೀಗ ಬೀಳುತ್ತಿತ್ತು. ಆ ಕ್ಯಾಮೆರಾ ಚೆನ್ನಾಗಿರಲೇಬೇಕು ಎಂದು, ಅದನ್ನು ಪೆಟ್ಟಿಗೆಯಿಂದ ತೆಗೆಯುವ ಮೊದಲೇ, ನನ್ನ ಮನಸ್ಸು ತೀರ್ಮಾನ ಮಾಡಿಬಿಟ್ಟಿತ್ತು.

ಆದರೂ ಪರೀಕ್ಷೆ ಮಾತ್ರ ಪ್ರಾಮಾಣಿಕವಾಗಿ ಮಾಡಿದೆ. ಎಣ್ಣೆ ಡಬ್ಬ ಸೀಳಿ ತಗಡು ಚಪ್ಪಟೆ ಮಾಡಿ, ಕೆಮ್ಮಣ್ಣಿಗೆ ಬೂದಿ ಕಲಸಿ ಸಿಂಹದ ಕೆನ್ನೆಯ ಬಣ್ಣ ಬಳಿದು, ಇದ್ದಿಲಿನಿಂದ ಚುಕ್ಕೆ ಇಟ್ಟೆ. ಮೂರು ದೊಡ್ಡವು, ಒಂದು ಸಣ್ಣದು. ತಗಡು ಹಿಡಿದು ನಿಲ್ಲುವುದಕ್ಕೆ ಪರ್ಮುವಾತ್ ಬಂದ. ಅದನ್ನು ಮುಖಕ್ಕೆ ಅಡ್ಡ ಹಿಡಿದು "ಗುರ್ರ್" ಎಂದ.

"ಅಲ್ಲಾಡಬೇಡ ಅಪ್ಪಾ."

"ಸಿಂಹ ಅಲ್ಲಾಡಲ್ವಾ? ನಿನ್ನ ಡಬ್ಬಕ್ಕೆ ಅಂಜಿ ಕಲ್ಲಾಗೋಗುತ್ತಾ?"

ನಲವತ್ತು ಹೆಜ್ಜೆ, ಎಂಬತ್ತು, ನೂರಿಪ್ಪತ್ತು, ಇನ್ನೂರು. ಬೆಳಿಗ್ಗೆ ಏಳಕ್ಕೆ, ಒಂಬತ್ತಕ್ಕೆ, ಹನ್ನೊಂದಕ್ಕೆ. ಕೈಯಲ್ಲಿ ಹಿಡಿದು ಒಂದು ಸಲ, ಅಲ್ಲಾಡದ ಹಾಗೆ ಹುರುಳಿಚೀಲದ ಮೇಲೆ ಊರಿ ಒಂದು ಸಲ. ಮೊದಲು ತಿಳಿದ ಸಂಗತಿ ಏನೆಂದರೆ, ಬೆನ್ನಿನ ಪುಟ್ಟ ಪರದೆಯಲ್ಲಿ ಎಲ್ಲ ಚಿತ್ರವೂ ಚೆಂದವೇ. ಹಿಗ್ಗಿಸಿ ಹಿಗ್ಗಿಸಿ ಚುಕ್ಕೆಯವರೆಗೆ ಹೋದರೆ ಮಾತ್ರ ಬಂಡವಾಳ ಬಯಲಾಗುತ್ತದೆ. ಫೋಕಸ್ ಆಯಿತೆಂದು ಹಸಿರು ಚೌಕ ಮೂಡಿ ಕೀಚ್ ಎಂದು ಸದ್ದು ಬರುತ್ತದಲ್ಲ, ಅದನ್ನೂ ನಂಬುವ ಹಾಗಿಲ್ಲ. ಎಷ್ಟೋ ಸಲ ಅದು ಸಿಂಹದ ಮುಂದಿನ ಹುಲ್ಲುಕಡ್ಡಿಯನ್ನು ಹಿಡಿದು, ಹಿಂದಿನ ಕೆನ್ನೆಯನ್ನು ಮಂಜು ಮಾಡಿರುತ್ತದೆ.

ಎಂಬತ್ತು ಹೆಜ್ಜೆಯವರೆಗೆ ನಾಲ್ಕು ಚುಕ್ಕೆಯೂ ಬಂದವು. ನೂರಿಪ್ಪತ್ತರಲ್ಲಿ ಎಳೆಬಿಸಿಲಿದ್ದರೆ ಬಂದವು. ಒಂಬತ್ತರ ಮೇಲೆ ನೆಲದ ಕಾವು ಏಳುತ್ತಿದ್ದಂತೆ ಚುಕ್ಕೆಗಳು ಎಣ್ಣೆಯಲ್ಲಿ ಬಿದ್ದ ಸಾಸಿವೆಯ ಹಾಗೆ ಕುಣಿಯತೊಡಗಿದವು. ಇನ್ನೂರು ಹೆಜ್ಜೆಯಲ್ಲಿ, ಜೂಮ್ ಪೂರ್ತಿ ಚಾಚಿದಾಗ, ನಡೆದದ್ದೇ ಬೇರೆ. ಸಣ್ಣ ಚುಕ್ಕೆ ಮಬ್ಬಾಗಲಿಲ್ಲ, ಇಲ್ಲವಾಯಿತು. ಮಬ್ಬಾಗಿದ್ದರೆ ಮಬ್ಬು ಎಂದು ಗೊತ್ತಾಗುತ್ತಿತ್ತು, ಇನ್ನೊಮ್ಮೆ ನೋಡುತ್ತಿದ್ದೆವು. ಈ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ತುಂಡು ಕಿರುಬೆರಳಿನ ಉಗುರಿನಷ್ಟೇ ಇರುವುದು. ದೂರದ ಚಿತ್ರ ಅದರಲ್ಲಿ ಮರಳುಮರಳಾಗಿ ಬೀಳುತ್ತದೆ. ಆ ಮರಳನ್ನು ಒರೆಸಿ ಚಿತ್ರ ಚೊಕ್ಕ ಮಾಡಿ ಕೊಡುವ ಬುದ್ಧಿಯೊಂದನ್ನು ಅದಕ್ಕೆ ಕಲಿಸಿಟ್ಟಿದ್ದಾರೆ. ಅದು ಸಣ್ಣ ಚುಕ್ಕೆಯನ್ನೂ ಕೊಳೆಯೆಂದು ತಿಳಿದು ಒರೆಸಿಬಿಡುತ್ತಿತ್ತು. ಚುಕ್ಕೆ ಇದ್ದ ಜಾಗದಲ್ಲಿ ಕೈಯಿಂದ ಸಾರಿಸಿದ ಗೋಡೆಯಂಥ ನುಣುಪು, ಅಷ್ಟೇ. ನಲವತ್ತು ಚಿತ್ರ ತೆಗೆದೆ. ಮೂವತ್ತೇಳರಲ್ಲಿ ಮೂರೇ ಚುಕ್ಕೆ.

ಪರ್ಮುವಾತ್ ಪರದೆಗೆ ಕಣ್ಣು ಹತ್ತಿಸಿ ನೋಡಿದ. ಕೈಯಲ್ಲಿದ್ದ ತಗಡನ್ನು ನೋಡಿದ. "ಇಲ್ದೇ ಇರೋದ್ನ ಇದೆ ಅನ್ನೋನ್ಗೆ ಸುಳ್ಳ ಅಂತಾರೆ. ಇರೋದ್ನ ಅಳಿಸಿ, ಮೇಲೆ ಕಸ ಗುಡಿಸಿ ಇಡೋನ್ಗೆ ಏನಂತಾರವ್ವಾ?"

"ಕಳ್ಳ ಅಂತಾರೆ."

"ಹಂಗಾದ್ರೆ ಇದನ್ನ ಹಟ್ಟಿಯೊಳಗೆ ಬಿಟ್ಕೋಬೇಕಾದ್ರೆ ಜೋಪಾನ."

ಎರಡು ಪುಟ ಬರೆದೆ. ಎಷ್ಟು ಹೆಜ್ಜೆಯವರೆಗೆ ನಂಬಬಹುದು, ಎಷ್ಟು ಗಂಟೆಯ ಮೇಲೆ ನಂಬಬಾರದು, ನುಣುಪು ಕಂಡರೆ ಯಾಕೆ ಹತ್ತಿರ ಹೋಗಿ ಇನ್ನೊಮ್ಮೆ ನೋಡಬೇಕು, ಎಲ್ಲ ಬರೆದೆ. ಕಿಲೊಂಜೋ ಸಾರ್ ಮೊದಲ ನಾಲ್ಕು ಸಾಲು ಓದಿ ಕನ್ನಡಕ ತೆಗೆದರು.

"ಇಷ್ಟೆಲ್ಲ ಯಾರಮ್ಮ ಓದ್ತಾರೆ? ಮೇಲಿನವರು ಕೇಳಿರೋದು ಒಂದೇ ಮಾತು. ಆಗುತ್ತಾ, ಆಗಲ್ವಾ?"

"ಎಂಬತ್ತು ಹೆಜ್ಜೆವರೆಗೆ ಆಗುತ್ತೆ ಸಾರ್."

"ಎಂಬತ್ತು ಹೆಜ್ಜೆಗೆ ಹೆಂಗಸರನ್ನ ಕಳಿಸಿದ್ರೆ ನಿಮ್ಮ ಹಿರಿಯರು ನನ್ನ ಚರ್ಮ ಸುಲೀತಾರೆ. ಆಗಲ್ಲ ಅನ್ನೋದಾದ್ರೆ ಅನ್ನು, ಬೇಜಾರಿಲ್ಲ. ಇದನ್ನ ವಾಪಸ್ ಕಳಿಸ್ತೀನಿ. ಮೊದಲಿನ ಹಾಗೆ ಗಂಡಸರೇ ನಡ್ಕೊಂಡು ಹೋಗ್ಲಿ, ನೀವು ಅಂಟು ಹಚ್ತಾ ಇರಿ."

ಎರಡು ಪುಟವನ್ನೂ ಮಡಿಸಿ ಜೇಬಿಗೆ ಹಾಕಿಕೊಂಡೆ. ಬೇರೆ ಹಾಳೆಯ ಮೇಲೆ 'ಆಗುತ್ತದೆ' ಎಂದು ಬರೆದು ಸಹಿ ಮಾಡಿದೆ. ಬೆಟ್ಟದ ಮಂಜು ಆವತ್ತು ಕರಗಿ ಬೀಳಲಿಲ್ಲ, ಏನೂ ಆಗಲಿಲ್ಲ. ಎನೋಲೆ ನನ್ನನ್ನು ಅಪ್ಪಿಕೊಂಡು ಅತ್ತಳು.

ಮಾರ್ಚ್ ತಿಂಗಳು, ಹುಲ್ಲೆಲ್ಲ ಒಣಗಿ ನಿಂತಿತ್ತು. ಒಂದು ಬೆಳಿಗ್ಗೆ ಕಿಸೆಮೇಯ್ ಎಂಬುವನ ಹಟ್ಟಿಯಲ್ಲಿ ನಾಲ್ಕು ಕರು ಸತ್ತು ಬಿದ್ದಿದ್ದವು. ಪರ್ಮುವಾತ್ ಬೇಲಿ ಸುತ್ತಿ ನೋಡಿ ಬಂದು ಹೇಳಿದ: "ನೊಮಾಯಾನೇ. ಮುಂದಿನ ಬಲಗಾಲಿನ ಒಂದು ಉಗುರು ಒಳಗೆ ಹೋಗಲ್ಲ ಅವಳ್ಗೆ, ನೆಲ ಕೆರೀತಾ ನಡೀತಾಳೆ. ಪಡುವಣ ಗುಡ್ಡದ ಕಡೆ ಹೋಗಿದಾಳೆ." ಅದು ಮೂರನೇ ಸಲ. ಸರ್ಕಾರದ ಕಾವಲಿನವರಿಗೆ ಸುದ್ದಿ ಹೋಯಿತು, ಹತ್ತು ಗಂಟೆಗೆ ಜೀಪು ಬಂತು. ಗುಡ್ಡಕ್ಕೆ ಹೊರಡುವಷ್ಟರಲ್ಲಿ ದನ ಕಾಯುವವರು ಓಡಿ ಬಂದರು. ತೆಂಕಣ ಹಳ್ಳದಾಚೆ ಜಾಲಿಮರದ ಕೆಳಗೆ ಒಂದು ಹೆಣ್ಣುಸಿಂಹ ಮಲಗಿದೆ, ಮೂತಿಯೆಲ್ಲ ರಕ್ತ ಎಂದರು.

ಜನಕ್ಕೆ ಅಷ್ಟೇ ಸಾಕಾಯಿತು. ಹಟ್ಟಿಯವರು ಭರ್ಜಿ ಹಿಡಿದು ಹೊರಟೇಬಿಟ್ಟರು. ಹಳ್ಳದ ಈಚೆ ದಡಕ್ಕೆ ಬಂದು ಜೀಪು ನಿಂತಿತು. ಆಚೆ ದಡದ ಮರ ಇನ್ನೂರು ಹೆಜ್ಜೆ ದೂರ. ಹನ್ನೊಂದು ಗಂಟೆಯ ಬಿಸಿಲು. ಬಂದೂಕಿನ ಅಧಿಕಾರಿ ನನ್ನ ಕಡೆ ತಿರುಗಿದ.

"ಯಾವುದು ಅಂತ ನೋಡಿ ಹೇಳಮ್ಮ. ಬೇಗ."

ಜೀಪಿನ ಮೂಗಿನ ಮೇಲೆ ಹುರುಳಿಚೀಲ ಇಟ್ಟು, ಅದರ ಮೇಲೆ ಕ್ಯಾಮೆರಾ ಊರಿ, ಜೂಮ್ ಪೂರ್ತಿ ಚಾಚಿದೆ. ಅವಳು ಎಡಗೆನ್ನೆ ಈಚೆಗೆ ಮಾಡಿ ಮಲಗಿದ್ದಳು. ಹಸಿರು ಚೌಕ ಮೂಡಿತು, ಕೀಚ್ ಎಂದಿತು. ಆರು ಚಿತ್ರ ತೆಗೆದು, ಒಳ್ಳೆಯದನ್ನು ಆರಿಸಿ, ಹಿಗ್ಗಿಸಿದೆ. ಒಂದು, ಎರಡು, ಮೂರು. ಮೂರನೆಯದರ ಮುಂದೆ ನುಣ್ಣಗೆ ಸಾರಿಸಿದ ಗೋಡೆ.

ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ನಾನು ಎಲ್ಲಿಯೂ ಹೇಳಿಕೊಂಡಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಆ ನುಣುಪನ್ನು ಮೂವತ್ತೇಳು ಸಲ ತಗಡಿನ ಮೇಲೆ ಕಂಡವಳು ನಾನು.

ಪರ್ಮುವಾತ್ ಹಣೆಗೆ ಕೈ ಅಡ್ಡ ಹಿಡಿದು ಬರಿಗಣ್ಣಿನಲ್ಲಿ ನೋಡುತ್ತಿದ್ದ. "ಅದು ನಲೆಪೋ" ಎಂದ.

"ಇಷ್ಟು ದೂರದಿಂದ ಹೇಗಯ್ಯಾ ಗೊತ್ತು?" ಎಂದ ಅಧಿಕಾರಿ.

"ನಿಮ್ಮ ಹೆಂಡ್ತಿ ಸಂತೆಯಿಂದ ಬರ್ತಿದ್ರೆ ಮೂಗು ನೋಡಿ ಗುರುತು ಹಿಡೀತೀರಾ ಸ್ವಾಮಿ? ಮಲಗಿರೋ ರೀತಿ ನೋಡಿ. ಅವಳು ಹಿಂಗೇ ಮಲಗೋದು, ಕಾಲು ಮಡಿಸ್ಕೊಂಡು. ಮೂತಿ ರಕ್ತ ಬೇಟೇದು."

ಜನ ನಕ್ಕರು. ಅಧಿಕಾರಿಯೂ ನಕ್ಕ. ಪರ್ಮುವಾತ್ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಬಾ ಮಗ್ಳೇ. ಹಳ್ಳ ಇಳಿದು ಆ ಕಡೆ ಹತ್ತೋಣ. ಗಾಳಿ ನಮ್ಮ ಕಡೆ ಬೀಸ್ತಾ ಇದೆ. ನಲವತ್ತು ಹೆಜ್ಜೆಗೆ ನಾನು ಕರ್ಕೊಂಡು ಹೋಗ್ತೀನಿ, ನಾನೇ ಮುಂದೆ ಇರ್ತೀನಿ. ಒಂದು ಚಿತ್ರ ತೆಕ್ಕೊಂಡು ಬಂದ್ಬಿಡೋಣ."

ಕಿಸೆಮೇಯ್‌ನ ತಮ್ಮ ಅದನ್ನು ಕೇಳಿಸಿಕೊಂಡ. ಸತ್ತ ಕರುಗಳಲ್ಲಿ ಎರಡು ಅವನವು. "ಹತ್ರ ಹೋಗೇ ನೋಡ್ಬೇಕಾ? ಹಂಗಾದ್ರೆ ಆ ಡಬ್ಬ ಯಾತಕ್ಕೆ? ಆರು ಜನ ಹೆಂಗಸರಿಗೆ ಆಟದ ಸಾಮಾನು ತರಿಸ್ತಾರಂತೆ. ಹಾಲು ಕರಿಯೋದು ಬಿಟ್ಟು ಇನ್ಮೇಲೆ ಎಲ್ಲ ಫೋಟೋ ಹಿಡೀತಾರೆ!" ಎಂದ. ಭರ್ಜಿ ಹಿಡಿದವರೆಲ್ಲ ಹೋ ಎಂದರು.

ಆಗ ನನ್ನ ಕಣ್ಣ ಮುಂದೆ ಇದ್ದದ್ದು ಸಿಂಹ ಅಲ್ಲ. ಎನೋಲೆ, ಅವಳ ಹಿಂದೆ ಇನ್ನೂ ಐದು ಜನ. ನಾನು ಹಳ್ಳ ಇಳಿದರೆ ಕ್ಯಾಮೆರಾ ಆಗುವುದಿಲ್ಲ ಎಂದು ಬಯಲಿನ ಎದುರು ಒಪ್ಪಿಕೊಂಡ ಹಾಗೆ. ಇಳಿಯದಿದ್ದರೆ ಆ ಸಿಂಹ ಸಾಯುತ್ತದೆ. ಇಷ್ಟು ಸ್ಪಷ್ಟವಾಗಿ ಆ ಕ್ಷಣದಲ್ಲಿ ಯೋಚಿಸಿದೆನೋ ಇಲ್ಲವೋ, ಬಾಯಿ ಮಾತ್ರ ಸ್ಪಷ್ಟವಾಗಿಯೇ ಹೇಳಿತು.

"ಬೇಡ ಅಪ್ಪಾ. ಇಷ್ಟು ಸಾಕು. ಎಡಗೆನ್ನೇಲಿ ಮೂರೇ ಚುಕ್ಕೆ. ನೊಮಾಯಾನ್."

ಪರ್ಮುವಾತ್ ನನ್ನ ಮುಖ ನೋಡಿದ. "ಸರಿಯಾಗಿ ನೋಡಿದ್ಯಾ?"

"ನೋಡಿದೆ."

ಅವನು ಇನ್ನೊಮ್ಮೆ ಹಣೆಗೆ ಕೈ ಹಿಡಿದು ಮರದ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕಣ್ಣುಗಳನ್ನು ಮುಂಗೈಯಿಂದ ಉಜ್ಜಿಕೊಂಡು ಅಧಿಕಾರಿಗೆ ಹೇಳಿದ: "ನನಗೂ ವಯಸ್ಸಾಯ್ತು ಅಂತ ಕಾಣುತ್ತೆ ಸ್ವಾಮಿ. ಅವಳು ಹೇಳಿದ್ಮೇಲೆ ಸರೀನೇ. ಅವಳ್ಗೆ ಕಲಿಸಿದೋನು ನಾನೇ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಜಗಳವಾಡಿದ್ದರೆ ನಾನೂ ಜಗಳವಾಡುತ್ತಿದ್ದೆ. ನನ್ನ ಮಾತಿಗಾಗಿ ಅವನು ತನ್ನ ಕಣ್ಣನ್ನೇ ಬಿಟ್ಟುಕೊಟ್ಟ. ಆಗಲಾದರೂ ನಾನು ಬಾಯಿ ತೆರೆಯಬಹುದಿತ್ತು. ಬಂದೂಕಿನ ಸದ್ದಾಗುವುದಕ್ಕೆ ಇನ್ನೂ ಸಮಯ ಇತ್ತು. ಅಧಿಕಾರಿ ಬಾನೆಟ್ಟಿನ ಮೇಲೆ ಮೊಣಕೈ ಊರಿ, ಉಸಿರು ಹಿಡಿದು, ಗುರಿ ಕಟ್ಟಿ, ಒಂದು ಸಲ ಸರಿಯಾಗಲಿಲ್ಲವೆಂದು ಮತ್ತೆ ಕಟ್ಟಿದ. ನಾನು ಹುರುಳಿಚೀಲವನ್ನು ಎತ್ತಿ ಅವನಿಗೆ ಜಾಗ ಮಾಡಿಕೊಟ್ಟೆ.

ಒಂದೇ ಗುಂಡು. ಹಳ್ಳ ದಾಟಿ ಎಲ್ಲರಿಗಿಂತ ಮೊದಲು ಓಡಿದವನು ಪರ್ಮುವಾತ್, ಅವನ ಹಿಂದೆ ನಾನು. ಅವನು ಅವಳ ತಲೆಯ ಪಕ್ಕ ಮಂಡಿಯೂರಿ, ಹೊದ್ದ ಕೆಂಪು ಬಟ್ಟೆಯ ಅಂಚಿನಿಂದ ಕೆನ್ನೆಯ ರಕ್ತ ಒರೆಸಿದ. ಹಲ್ಲಿನ ಸಂದಿಯಲ್ಲಿ ಕಪ್ಪುಬಿಳಿ ಕೂದಲು ಸಿಕ್ಕಿಕೊಂಡಿತ್ತು, ಜೀಬ್ರಾದ್ದು. ಒರಟು ಬೆರಳಿನಿಂದ ಚುಕ್ಕೆ ಮುಟ್ಟಿ ಮುಟ್ಟಿ ಎಣಿಸಿದ. ಒಂದು, ಎರಡು, ಮೂರು. ಬೆರಳು ನಾಲ್ಕನೆಯದರ ಮೇಲೆ ನಿಂತಿತು. ನಾನು ಅವನ ಹೆಗಲ ಹಿಂದಿನಿಂದ ನೋಡುತ್ತಿದ್ದೆ. ಎರಡು ಹೆಜ್ಜೆ ದೂರದಿಂದ ಯಾವ ಲೆನ್ಸೂ ಬೇಕಿರಲಿಲ್ಲ.

ಅಷ್ಟರಲ್ಲಿ ಅಧಿಕಾರಿ ಬಂದ. ಅವನ ಹಿಂದೆ ಜನ ಹಾಡುತ್ತ ಬರುತ್ತಿದ್ದರು. "ಇದೇ ತಾನೇ?" ಎಂದು ಕೈಯಲ್ಲಿ ಕಾಗದ ಹಿಡಿದು ಕೇಳಿದ.

ಪರ್ಮುವಾತ್ ತಲೆ ಎತ್ತಿ ನನ್ನನ್ನು ನೋಡಿದ. ಅವನು ಉತ್ತರಕ್ಕೆ ಕಾಯುತ್ತಿದ್ದ, ಅಧಿಕಾರಿಗಿಂತ ಹೆಚ್ಚಾಗಿ.

"ಇದೇ" ಎಂದೆ.

ಪರ್ಮುವಾತ್ ಅವಳ ಎಡಗೆನ್ನೆಯ ಮೇಲೆ ಅಂಗೈ ಮುಚ್ಚಿ ಹಾಗೇ ಕೂತ. ದಾಖಲೆಗೆ ಚಿತ್ರ ತೆಗೆಯಬೇಕಿತ್ತು. ನಾನು ಆ ಕಡೆ ಸುತ್ತಿ ಹೋಗಿ, ನಲೆಪೋಗೂ ನೊಮಾಯಾನ್‌ಗೂ ಎರಡೇ ಚುಕ್ಕೆ ಇರುವ ಬಲಗೆನ್ನೆಯ ಚಿತ್ರ ತೆಗೆದೆ. ಒಂದೊಂದು ಕೂದಲೂ ಎಣಿಸುವ ಹಾಗೆ ಬಂತು. ಅಂಥ ಒಳ್ಳೆಯ ಫೋಕಸ್ ಆ ಕ್ಯಾಮೆರಾದಲ್ಲಿ ನನಗೆ ಆಮೇಲೂ ಸಿಕ್ಕಿಲ್ಲ.

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರೆ. ಇಲ್ಲಿ ಕೋತಿಗೂ ಆ ಶ್ರಮ ಇರಲಿಲ್ಲ, ಒರೆಸಿದವಳು ನಾನು. ನೊಮಾಯಾನ್‌ಳ ಕಡತದ ಮೇಲೆ 'ಸತ್ತಿದೆ' ಎಂದು ಬರೆದೆ. ನಲೆಪೋಳ ಕಡತದಲ್ಲಿ ತಿಂಗಳು ತಿಂಗಳೂ 'ಕಂಡಿಲ್ಲ' ಎಂದು ಬರೆಯುತ್ತ ಹೋದೆ. ಏಪ್ರಿಲ್‌ನಲ್ಲಿ ಆರು ಕ್ಯಾಮೆರಾ ಬಂದವು, ಆರು ಹೆಣ್ಣುಮಕ್ಕಳು ಬಂದರು. ಅವರಿಗೆ ಕಲಿಸುವವಳು ನಾನೇ ಆದೆ. ಪರ್ಮುವಾತ್ ಎಂದಿನಂತೆ ಕೆಲಸಕ್ಕೆ ಬರುತ್ತಿದ್ದ. ದಿನವೂ ಬೆಳಿಗ್ಗೆ ನನ್ನ ಮೇಜಿನ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ನಾನು ತಲೆ ತಗ್ಗಿಸಿ ಬರೆಯುತ್ತಿದ್ದೆ. ಅವನು ಹೊರಟುಹೋಗುತ್ತಿದ್ದ. ಯಾರ ಹತ್ತಿರವೂ ಅವನು ಬಾಯಿ ಬಿಟ್ಟಿರಲಿಲ್ಲ. ನಾನೇ ಹೇಳಲಿ ಎಂದು ಅವನು ನನಗೆ ಐದು ವಾರ ಕೊಟ್ಟ.

ಐದು ವಾರದ ಮೇಲೆ ಅದೇ ಕಿಸೆಮೇಯ್ ಹಟ್ಟಿಯಲ್ಲಿ ಏಳು ಕರು ಸತ್ತವು. ಕರು ತಿನ್ನುವವಳು ಸತ್ತಳಲ್ಲ ಎಂದು ಅವರು ಬೇಲಿಗೆ ಹೊಸ ಮುಳ್ಳು ತುಂಬಿರಲಿಲ್ಲ. ಪರ್ಮುವಾತ್ ಹೆಜ್ಜೆ ನೋಡಿ ಬಂದು, ಶಿಬಿರದ ಸಭೆಯಲ್ಲಿ ಎದ್ದು ನಿಂತು ಹೇಳಿದ: "ನೊಮಾಯಾನ್. ಬಲಗಾಲಿನ ಉಗುರು ನೆಲ ಕೆರೆದಿದೆ."

ಕಿಲೊಂಜೋ ಸಾರ್ ನಕ್ಕುಬಿಟ್ಟರು. "ಸತ್ತ ಸಿಂಹ ಎದ್ದು ಬಂತೇನಯ್ಯಾ? ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂತೀನಿ ಅಂದ್ಕೊಂಡ್ಯಾ?" ಹೊಸ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಸಾಲಾಗಿ ಕೂತಿದ್ದ ಆರು ಜನ ಬಾಯಿಗೆ ಸೆರಗು ಅಡ್ಡ ಹಿಡಿದರು. ಎನೋಲೆಗೂ ನಗು.

"ಸತ್ತದ್ದು ಅವಳಲ್ಲ" ಎಂದ ಪರ್ಮುವಾತ್. ಅಷ್ಟು ಹೇಳಿ ನಿಲ್ಲಿಸಿದ. ಸತ್ತದ್ದು ಯಾರು ಎಂದು ಹೇಳಲಿಲ್ಲ. ಹೇಳುವ ಸರದಿ ಯಾರದು ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಸೆಮೆಯಾನ್, ಗುರುತು ಹಿಡಿದೋಳು ನೀನು" ಎಂದರು ಕಿಲೊಂಜೋ ಸಾರ್. "ನೀನೇನಂತೀಯ?"

ಎನೋಲೆ ನಗುವುದನ್ನು ನಿಲ್ಲಿಸಿ ನನ್ನನ್ನು ನೋಡುತ್ತಿದ್ದಳು. ಕ್ಯಾಮೆರಾದ ಪಟ್ಟಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು.

"ಗಡಿ ಆಚೆಯಿಂದ ಹೊಸ ಸಿಂಹ ಬಂದಿರ್ಬೋದು ಸಾರ್" ಎಂದೆ. "ಅಪ್ಪಂಗೆ... ಈಚೆಗೆ ಕಣ್ಣು ಸ್ವಲ್ಪ ಮಂಜು."

ಪರ್ಮುವಾತ್ ಕೋಲು ತೆಗೆದುಕೊಂಡು ಹೊರಗೆ ನಡೆದ. ಮಾರನೆಯ ದಿನ ಬರಲಿಲ್ಲ, ಅದರ ಮಾರನೆಯ ದಿನವೂ ಬರಲಿಲ್ಲ. ದೃಷ್ಟಿ ಮಂದವಾದ ಕಾರಣ ವಿಶ್ರಾಂತಿ ಕೊಡಲಾಗಿದೆ ಎಂದು ಕಚೇರಿಯವರು ಕಾಗದ ಮಾಡಿದರು. ಹಳ್ಳದಾಚೆ ನಿಂತ ಹಸುವಿನ ಕಿವಿಯ ಸೀಳು ನೋಡಿ ಯಾರ ಮನೆಯದೆಂದು ಹೇಳುವ ಮನುಷ್ಯನಿಗೆ ದೃಷ್ಟಿ ಮಂದ. ಆ ಕಾಗದವನ್ನು ಟೈಪು ಮಾಡಿದ್ದೂ ನಾನೇ. ವಾರ ಕಳೆದ ಮೇಲೆ ನಮ್ಮ ಹುಡುಗಿಯರು 'ಹೊಸ' ಸಿಂಹದ ಚಿತ್ರ ತಂದರು. ಎಡಗೆನ್ನೆಯಲ್ಲಿ ಮೂರು ಚುಕ್ಕೆ. ನಾನು ಹೊಸ ಕಡತ ತೆರೆದು, ಹೊಸ ಹೆಸರು ಬರೆದು, ತಪ್ಪುಗಳ ಕಾಲಂನಲ್ಲಿ ಒಂದು ಗೆರೆ ಎಳೆದೆ. ಮೂರು ಸಲದ ಒಪ್ಪಂದದಲ್ಲಿ ನೊಮಾಯಾನ್‌ಗೆ ಇನ್ನೆರಡು ಸಲ ಬಾಕಿ ಸಿಕ್ಕಿತು.

ಎರಡು ತಿಂಗಳ ಮೇಲೆ ಕೊಳವೆಬಾವಿಯ ತೊಟ್ಟಿಯ ಹತ್ತಿರ ಪರ್ಮುವಾತ್ ಸಿಕ್ಕಿದ. ಮೇಕೆಗಳಿಗೆ ನೀರು ಕುಡಿಸುತ್ತಿದ್ದ. ನಾನು ಶಿಬಿರದ ಗಾಡಿಯಿಂದ ಇಳಿದೆ. ಅವತ್ತು ಹೇಳಿಬಿಡಬೇಕೆಂದು ನಿಜವಾಗಿಯೂ ಮನಸ್ಸು ಮಾಡಿದ್ದೆ. ಅವನಿಗೆ ಮೊದಲು, ಆಮೇಲೆ ಕಚೇರಿಗೆ. ಹತ್ತಿರ ಹೋಗಿ ಅವನ ಮುಂದೆ ತಲೆ ಬಾಗಿಸಿದೆ. ಅಪ್ಪನ ಓರಗೆಯವರ ಎದುರು ಹೆಣ್ಣುಮಕ್ಕಳು ತಲೆ ಬಾಗಿಸುತ್ತೇವೆ, ಅವರು ನೆತ್ತಿಯ ಮೇಲೆ ಅಂಗೈ ಇಡುತ್ತಾರೆ, ಮಾತು ಶುರುವಾಗುವುದು ಅದಾದ ಮೇಲೆ. ಬಾಗುವುದು ಮುಗಿಯುವ ಮೊದಲೇ ಅಂಗೈ ಬಂದಿರುತ್ತದೆ. ಮೂವತ್ತೆರಡು ವರ್ಷದಲ್ಲಿ ನಾನು ಅದಕ್ಕಾಗಿ ಕಾದದ್ದಿಲ್ಲ.

ಅವತ್ತು ಕಾದೆ. ಮೇಕೆಗಳು ನೀರು ಸೊರ್ ಎಂದು ಕುಡಿಯುತ್ತಿದ್ದವು. ಅವನ ಟೈರಿನ ಚಪ್ಪಲಿ ಕಾಣುತ್ತಿತ್ತು, ಕೋಲಿನ ತುದಿ ಕಾಣುತ್ತಿತ್ತು. ಕೊನೆಗೆ ತಲೆ ಎತ್ತಿದೆ.

ಅವನು ಬಲಗೈಯನ್ನು ನನ್ನ ಕಡೆ ಚಾಚಿ ನಿಂತಿದ್ದ. ಕಿಲೊಂಜೋ ಸಾರ್‌ಗೆ, ಬಂದೂಕಿನ ಅಧಿಕಾರಿಗೆ, ಗಾಡಿಯಲ್ಲಿ ಬಂದು ಗಾಡಿಯಲ್ಲಿ ಹೋಗುವ ಎಲ್ಲರಿಗೂ ಚಾಚುವ ಹಾಗೆ.

"ಚೆನ್ನಾಗಿದೀರಾ ಮೇಡಂ?" ಎಂದ. "ಕಚೇರೀಲೆಲ್ಲ ಸೌಖ್ಯವಾ?"

ದನಿಯಲ್ಲಿ ಕೋಪವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ.

"ಸೌಖ್ಯ" ಎಂದು ಅವನ ಕೈ ಕುಲುಕಿದೆ.